ಸ್ಕೈ ದ್ವೀಪದಲ್ಲಿ ಚಾವಣಿಯ ದುರಸ್ತಿ

ಸ್ಕಾಟ್ಲೆಂಡಿನ ಪಶ್ಚಿಮ ತೀರದ ಸ್ಕೈ ದ್ವೀಪಕ್ಕೆ 1995ರಲ್ಲಿ ಸೇತುವೆಯಾದ ಮೇಲೆ ವಾಹನ ಪ್ರವಾಸಿಗರ ದಾರಿ ಸುಗಮವಾಯಿತು. ಸ್ಲಿಗಹನ್ ಎಂಬಲ್ಲಿಯ ಹಳೆಯ ಕಲ್ಲುಸೇತುವೆಯ ಬಳಿ ನಿಂತರೆ 964 ಮೀಟರ್ ಎತ್ತರದ ಸ್ಗೂರ್ ನನ್ ಗಿಲಿಯನ್ ಶಿಖರವು ಕಣ್ತುಂಬುತ್ತದೆ. ಕಡಲಗಾಳಿಗೆ ಇಲ್ಲಿ ಬಿಡುವೆಂಬುದಿಲ್ಲ.

ಅಲ್ಲಿನ ಬಿಡಾರದ ಬಯಲಿನಲ್ಲಿ ನಾವು ಕುಟುಂಬಸಮೇತ ತಂಗಿದ್ದೆವು. ನಮ್ಮ ಹಳೆಯ ಕ್ಯಾಂಪರ್ ವ್ಯಾನೇ ಮನೆ. ಗುಂಡಿಯೊತ್ತಿದರೆ ವಿದ್ಯುತ್ ಪಂಪು ಎಣ್ಣೆಯನ್ನು ಸಿಲಿಂಡರುಗಳಿಗೆ ನೂಕುತ್ತದೆ. ಆ ಒತ್ತಡದಿಂದ ಚಾವಣಿ ಮೇಲೇಳುತ್ತದೆ. ಅದರಡಿಯಲ್ಲಿಯೇ ಮಕ್ಕಳ ಹಾಸಿಗೆ. ಎರಡನೆಯ ಸಂಜೆ ಚಾವಣಿಯು ಅರ್ಧಕ್ಕೇ ನಿಂತಿತು. ಪಂಪು ಮೊರೆಯಿತು, ಚಾವಣಿ ಕದಲಲಿಲ್ಲ. ಅದನ್ನು ತೆರೆದಿಟ್ಟು ವಾಹನ ನಡೆಸುವಂತಿಲ್ಲ, ಗಾಳಿಯೋ ಬಲಿಯುತ್ತಿತ್ತು.

ಮೊದಲು ಮಕ್ಕಳನ್ನು ಹೊರಗೆ ಕಳುಹಿಸಿ, ಚಾವಣಿಗೆ ಮರದ ಆಸರೆ ಕೊಟ್ಟೆವು. ಎಣ್ಣೆಯೊಂದನ್ನೇ ನಂಬಿ ಅದರಡಿ ಕೈಯಿಡಲಾಗದು. ಬಳಿಕ ಇಬ್ಬರು ಚಾವಣಿಯನ್ನು ಹಿಡಿದು, ಆಸರೆ ತೆಗೆದು, ತುರ್ತು ಕವಾಟವನ್ನು ಮೆಲ್ಲನೆ ಸಡಿಲಿಸಿ ಕೆಳಗಿಳಿಸಿದೆವು. ನಳಿಕೆಯ ಕೂಡಿಕೆಯೊಂದರಲ್ಲಿ ಎಣ್ಣೆ ಜಿನುಗುತ್ತಿತ್ತು. ಒತ್ತಡ ಇಳಿದಿದ್ದುದರಿಂದ ಅದನ್ನು ನಿರ್ಭಯವಾಗಿ ಬಿಗಿಗೊಳಿಸಿ, ಒರೆಸಿ, ಜೊತೆಗೊಯ್ದಿದ್ದ ನಿಗದಿತ ಎಣ್ಣೆಯನ್ನೇ ತುಂಬಿದೆವು. ಸಿಕ್ಕ ಎಣ್ಣೆ ಸುರಿದರೆ ರಬ್ಬರಿನ ಬಿರಡೆಗಳು ಉಬ್ಬಿ ಕೆಡುತ್ತವೆ. ಕವಾಟ ಮುಚ್ಚಿ ನಾಲ್ಕಾರು ಬಾರಿ ಏರಿಳಿಸಲು ಒಳಗಿನ ಗಾಳಿ ಕಳೆದು, ಚಾವಣಿ ಪೂರ್ಣವಾಗಿ ಎದ್ದು ನಿಂತಿತು. ಇರುಳಿಡೀ ಮಳೆ ಸುರಿದರೂ ಮಕ್ಕಳು ಬೆಚ್ಚಗೆ ಮಲಗಿದರು.

ಇಂತಹ ವಾಹನದಲ್ಲಿ ಪ್ರವಾಸ ಹೊರಡುವ ಕುಟುಂಬಗಳವರು ಚಾವಣಿ ಏರಿಸುವ ಗುಂಡಿಗಿಂತ ಮೊದಲು ಅದನ್ನು ಇಳಿಸುವ ಕವಾಟ ಎಲ್ಲಿದೆಯೆಂಬುದನ್ನು ಮನೆಯಲ್ಲಿಯೇ ಅರಿತಿರುವುದು ಲೇಸು.