ನೆಲದ ದಾರಿಯಲ್ಲಿ ಆಂಟಿಗ್ವಾಕ್ಕೆ

ಗ್ವಾಟೆಮಾಲಾ ದೇಶದ ಆಂಟಿಗ್ವಾಕ್ಕೆ ಹೋಗಲು ಸುಲಭದ ದಾರಿ ವಿಮಾನ. ರಾಜಧಾನಿಯ ಲಾ ಅರೋರಾ ನಿಲ್ದಾಣದಲ್ಲಿ ಇಳಿದರೆ ಮುಂದೆ ಉಳಿಯುವುದು ಸುಮಾರು 40 ಕಿಲೋಮೀಟರ್ ರಸ್ತೆ. ಆದರೆ ಆ ಊರಿನ ಚರಿತ್ರೆಗೆ ಒಪ್ಪುವ ದಾರಿ ಇನ್ನೊಂದಿದೆ: ಬೆನ್ನಿಗೊಂದು ಚೀಲ ಏರಿಸಿ, ಬಸ್ಸಿನಿಂದ ಬಸ್ಸಿಗೆ ಹತ್ತುತ್ತ ಮೆಕ್ಸಿಕೋ ಕಡೆಯಿಂದ ಬರುವುದು. ಸ್ಪೇನಿನವರ ಕಾಲದಲ್ಲಿ ಚಿಯಾಪಾಸ್‌ನಿಂದ ಕೋಸ್ಟರಿಕಾವರೆಗಿನ ಸೀಮೆಗೆಲ್ಲ ಆಂಟಿಗ್ವಾವೇ ರಾಜಧಾನಿ. ಚಿಯಾಪಾಸ್ ಮೆಕ್ಸಿಕೋಕ್ಕೆ ಸೇರಿದ್ದು 1824ರಲ್ಲಿ. ಅಲ್ಲಿನ ಸಾನ್ ಕ್ರಿಸ್ತೋಬಲ್ ದೆ ಲಾಸ್ ಕಾಸಾಸ್ ಪಟ್ಟಣದಿಂದ ಹೊರಟವರು ಹಳೆಯ ರಾಜ್ಯದ ಅಂಚಿನಿಂದ ಅದರ ಗದ್ದುಗೆಯ ಕಡೆಗೇ ನಡೆಯುತ್ತಾರೆ.

ಗಡಿಯಲ್ಲಿ ಹೆಚ್ಚು ಸಡಗರವಿಲ್ಲ. ಮೆಕ್ಸಿಕೋದ ಠಾಣೆ ಸಿಯುದಾದ್ ಕ್ವಾವ್ತೆಮೋಕ್‌ನಲ್ಲಿ, ಗ್ವಾಟೆಮಾಲಾದ್ದು ನಾಲ್ಕು ಕಿಲೋಮೀಟರ್ ಆಚೆ ಲಾ ಮೆಸಿಯಾದಲ್ಲಿ. ನಡುವಿನ ಏರುದಾರಿಗೆ ಟ್ಯಾಕ್ಸಿ ಸಿಗುತ್ತದೆ. ನೋಟಿನ ಕಟ್ಟು ಹಿಡಿದು ನಿಂತವರ ಹತ್ತಿರ ಪೆಸೊ ಕೊಟ್ಟು ಕ್ವೆಟ್ಸಾಲ್ ಪಡೆದರೆ ಅಲ್ಲಿಗೆ ಗಡಿಯ ಕೆಲಸ ಮುಗಿಯಿತು.

ನಿಜವಾದ ಪ್ರಯಾಣ ಅಲ್ಲಿಂದ ಶುರು. ಅಮೆರಿಕದ ಶಾಲೆಗಳು ಓಡಿಸಿ ಬಿಟ್ಟ ಹಳದಿ ಬಸ್ಸುಗಳು ಇಲ್ಲಿಗೆ ಬಂದು ಇನ್ನೊಂದು ಜನ್ಮ ಎತ್ತುತ್ತವೆ. ಕೆಂಪು, ಹಸಿರು, ನೀಲಿ ಬಣ್ಣ, ಮುಂದುಗಡೆ ಥಳಥಳಿಸುವ ಲೋಹದ ಪಟ್ಟಿ, ಗಾಜಿನ ಮೇಲೆ ದೇವರ ಹೆಸರೋ ಹೆಣ್ಣಿನ ಹೆಸರೋ. ಊರವರಿಗೆ ಇದು ‘ಕಾಮಿಯೊನೇತಾ’. ನಮ್ಮ ಖಾಸಗಿ ಬಸ್ಸಿನ ಕ್ಲೀನರ್ ಮಾಡುವ ಕೆಲಸವೆಲ್ಲ ಇಲ್ಲಿ ‘ಆಯುದಾಂತೆ’ಯದು. ಬಾಗಿಲಲ್ಲಿ ಜೋತುಬಿದ್ದು ಊರಿನ ಹೆಸರು ಕೂಗುತ್ತಾನೆ, ಚೀಲವನ್ನು ಒಂದೇ ಎಸೆತಕ್ಕೆ ಟಾಪಿಗೆ ಏರಿಸುತ್ತಾನೆ, ಬಸ್ಸು ಓಡುತ್ತಿರುವಾಗಲೇ ಏಣಿ ಹಿಡಿದು ಇಳಿದು ಒಳಗೆ ಬಂದು ಕಾಸು ಕೇಳುತ್ತಾನೆ. ಯಾರು ಎಲ್ಲಿ ಹತ್ತಿದರು, ಯಾರಿಗೆ ಚಿಲ್ಲರೆ ಬಾಕಿ ಎಂಬುದೆಲ್ಲ ಅವನ ತಲೆಯಲ್ಲೇ. ಇಬ್ಬರು ಮಕ್ಕಳಿಗೆಂದು ಮಾಡಿದ ಸೀಟಿನಲ್ಲಿ ಮೂವರು ದೊಡ್ಡವರು. ಮೂರನೆಯವರಿಗೆ ದಕ್ಕುವುದು ಅರ್ಧ ಕೂರುವಷ್ಟು ಜಾಗ. ತಿರುವಿನಲ್ಲಿ ಅವರು ಬೀಳದಂತೆ ತಡೆಯುವುದು ಓಣಿಯ ಆಚೆ ಕೂತ ಇನ್ನೊಬ್ಬ ಮೂರನೆಯವರ ಹೆಗಲು. ಮಾತು ಬಾರದವರಿಗೂ ಊರಿನ ಪರಿಚಯ ಆಗುವುದು ಹೀಗೆಯೇ, ಹೆಗಲಿಗೆ ಹೆಗಲು ತಾಗಿ.

ವೆವೆತೆನಾಂಗೊ ದಾಟಿ ಪ್ಯಾನ್-ಅಮೆರಿಕನ್ ಹೆದ್ದಾರಿ ಸುಮಾರು 3,000 ಮೀಟರ್ ಎತ್ತರಕ್ಕೆ ಏರುತ್ತದೆ. ಮೆಕ್ಕೆಜೋಳದ ಹೊಲಗಳ ನಡುವೆ, ಮಂಜಿನಲ್ಲಿ, ಕೈನೇಯ್ಗೆಯ ‘ವಿಪಿಲ್’ ಕುಪ್ಪಸ ತೊಟ್ಟ ಮಾಯಾ ಹೆಂಗಸರು ಹತ್ತಿ ಇಳಿಯುತ್ತಾರೆ. ಚಿಮಾಲ್ತೆನಾಂಗೊದಲ್ಲಿ ಕೊನೆಯ ಬಸ್ಸು ಬದಲಿಸಿ ಕೆಳಗಿಳಿದರೆ, 1,500 ಮೀಟರಿನ ಕಣಿವೆಯಲ್ಲಿ ಆಂಟಿಗ್ವಾ.

ಊರಿನ ಮೇಲೆ ಮೂರು ಜ್ವಾಲಾಮುಖಿಗಳು: ಆಗ್ವಾ, ಫ್ವೇಗೊ, ಅಕಾತೆನಾಂಗೊ. ಇವುಗಳಲ್ಲಿ ಫ್ವೇಗೊ ಇಂದಿಗೂ ಹೊಗೆ ಉಗುಳುತ್ತಲೇ ಇದೆ. 1773ರ ಜುಲೈ 29ರ ಭೂಕಂಪ ನಗರವನ್ನು ಕೆಡವಿತು. 1776ರಲ್ಲಿ ರಾಜಧಾನಿ ಈಗಿನ ಗ್ವಾಟೆಮಾಲಾ ನಗರಕ್ಕೆ ಹೋಯಿತು. ಎಲ್ಲರೂ ಹೋಗಲಿಲ್ಲ. ಉಳಿದವರ ಹಟದಿಂದಲೇ ಈ ಊರು ಬದುಕಿತು. ಬೇರೆಡೆ ಬೆಳೆದ ಬಹುಮಹಡಿ ಕಟ್ಟಡಗಳು ಇಲ್ಲಿ ಏಳಲಿಲ್ಲ. ಕುಸಿದ ಚರ್ಚುಗಳ ಪಕ್ಕದಲ್ಲೇ ಅಂಗಳವಿರುವ ತಗ್ಗು ಮನೆಗಳು ಉಳಿದುಕೊಂಡವು. 1979ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಲಾ ಮೆರ್ಸೆದ್ ಚರ್ಚನ್ನು ನೋಡಿದರೆ ಕಟ್ಟಿದವರ ಜಾಣ್ಮೆ ತಿಳಿಯುತ್ತದೆ. ಭೂಕಂಪಕ್ಕೆ ಆರು ವರ್ಷ ಮೊದಲು ಮುಗಿದ ಈ ಹಳದಿ ಕಟ್ಟಡದ ಗೋಡೆಗಳು ದಪ್ಪ, ಗೋಪುರಗಳು ಕುಳ್ಳು, ಅದಕ್ಕೇ ನಿಂತಿತು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಸಾಂತಾ ಕಾತಲೀನಾ ಕಮಾನು. ಮಠದ ಸನ್ಯಾಸಿನಿಯರು ಬೀದಿಯವರ ಕಣ್ಣಿಗೆ ಬೀಳದೆ ದಾಟಲೆಂದು ಅದನ್ನು ಕಟ್ಟಲಾಯಿತು.

ಹೀಗೆ ಬೆನ್ನಿಗೆ ಚೀಲ ಏರಿಸಿ ತಿಂಗಳುಗಟ್ಟಲೆ ಅಲೆಯುವ ಮಕ್ಕಳನ್ನು ಮನೆಯವರು ಬಂದು ಕೂಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಊರು ಆ ದಾರಿಯಲ್ಲಿಲ್ಲ. ಒಂದು ಕಡೆಯಿಂದ ವಿಮಾನ, ಇನ್ನೊಂದು ಕಡೆಯಿಂದ ಬಸ್ಸು. ಕಾಯಲು ಊರ ನಡುವಿನ ಚೌಕದ ಕಾರಂಜಿಯೇ ಸರಿಯಾದ ಗುರುತು. 1738ರಲ್ಲಿ ದಿಯೆಗೊ ದೆ ಪೊರ್ರೆಸ್ ರೂಪಿಸಿದ ಆ ಮತ್ಸ್ಯಕನ್ಯೆಯರ ಕಾರಂಜಿಯನ್ನು ಯಾರನ್ನು ಕೇಳಿದರೂ ತೋರಿಸುತ್ತಾರೆ. ತಾಯಂದಿರ ಮೊದಲ ಮಾತು ಯಾವ ಭಾಷೆಯಲ್ಲಾದರೂ ಒಂದೇ: ‘ಎಷ್ಟು ಇಳಿದುಹೋಗಿದ್ದೀ!’ ಆಮೇಲೆ ಚೀಲಗಳ ವಿನಿಮಯ. ಮನೆಯಿಂದ ಬಂದ ಔಷಧಿ, ಹೊಸ ಬೂಟು ಒಂದು ಕಡೆಗೆ. ದಾರಿಯುದ್ದಕ್ಕೂ ಕೊಂಡು ಹೊತ್ತ ನೇಯ್ಗೆಬಟ್ಟೆ ಇನ್ನೊಂದು ಕಡೆಗೆ. ಊಟಕ್ಕೆ ಪೆಪಿಯಾನ್: ಹುರಿದ ಎಳ್ಳು, ಕುಂಬಳಬೀಜ, ಒಣಮೆಣಸಿನಕಾಯಿ ಅರೆದು ಕುದಿಸಿದ ಕೋಳಿಯ ಗಟ್ಟಿ ಸಾರು. ಅದನ್ನು ಅವಸರದಲ್ಲಿ ಉಣ್ಣಲಾಗದು. ತಿಂಗಳುಗಳ ಸುದ್ದಿ ಅಷ್ಟು ಹೊತ್ತಿನಲ್ಲಿ ಹೊರಬರುತ್ತದೆ.

ನೋಡುವ ಜಾಗಗಳು ಹತ್ತಿರದಲ್ಲೇ ಇವೆ. ವಯಸ್ಸಾದವರೂ ಹತ್ತಬಲ್ಲ ಸೆರ್ರೊ ದೆ ಲಾ ಕ್ರೂಸ್ ಗುಡ್ಡದಿಂದ ಇಡೀ ಊರು ಕಾಣುತ್ತದೆ. ಆದರೆ ಬಂದವರನ್ನು ಒಮ್ಮೆ ಕಾಮಿಯೊನೇತಾ ಹತ್ತಿಸಲೇಬೇಕು. ಅದಕ್ಕೆ ಸಿಯುದಾದ್ ವಿಯೆಹಾ ತಕ್ಕ ಊರು. ಆಂಟಿಗ್ವಾದಿಂದ ಕೆಲವೇ ಕಿಲೋಮೀಟರ್. ಆಂಟಿಗ್ವಾಕ್ಕೆ ಮೊದಲು ರಾಜಧಾನಿ ಇದ್ದದ್ದು ಅಲ್ಲಿಯೇ. 1541ರಲ್ಲಿ ಆಗ್ವಾದ ಇಳಿಜಾರಿನಿಂದ ಬಂದ ಕೆಸರಿನ ಪ್ರವಾಹ ಅದನ್ನು ಮುಚ್ಚಿದ ಮೇಲೆ, 1543ರಲ್ಲಿ ಆಂಟಿಗ್ವಾ ಹುಟ್ಟಿತು. ಹತ್ತುವ ಮೊದಲು ಚಿಲ್ಲರೆ ಕೈಯಲ್ಲಿರಲಿ. ಅಮ್ಮನಿಗೆ ಕಿಟಕಿ, ಅಪ್ಪನಿಗೆ ನಡುವಿನ ಜಾಗ. ಅಂಚಿನಲ್ಲಿ ಅರ್ಧ ಕೂರುವುದು ಅದನ್ನು ಕಲಿತು ಬಂದವರ ಪಾಲು.