ಕಲೆ ಗಾಜಿನ ಮೇಲಿನದೋ, ಗಾಜಿನದೇ ಗಾಯವೋ?

ಒಳಗಿರುವುದನ್ನು ಹೊರಗೆ ತೋರಿಸುವುದೇ ಗಾಜಿನ ಧರ್ಮ. ಆದುದರಿಂದಲೇ ಮೀನಿನ ತೊಟ್ಟಿಯ ಗಾಜಿನ ಮೇಲೆ ಕಲೆಯೊಂದು ಮೂಡಿದರೆ ನಮ್ಮ ಕಣ್ಣು ಮೀನನ್ನು ಬಿಟ್ಟು ಕಲೆಯ ಮೇಲೆಯೇ ನಿಲ್ಲುತ್ತದೆ. ಅಂಗೈಯಗಲದ ಬಿಳುಪು ಅಡಿಗಟ್ಟಲೆ ಸ್ವಚ್ಛವಾದ ಗಾಜನ್ನು ಮರೆಸಿಬಿಡುತ್ತದೆ.

ಕೋಲಾರ ಜಿಲ್ಲೆಯ ಧರ್ಮಕೇಂದ್ರವೊಂದರಲ್ಲಿ ನಾನಿದ್ದಾಗ ಗುರುಮನೆಯ ಮುಂಗೋಣೆಯಲ್ಲಿ ಮೂರಡಿ ಉದ್ದದ ಅಕ್ವೇರಿಯಂ ಒಂದಿತ್ತು. ಊರು ಬಿಟ್ಟುಹೋದ ಕುಟುಂಬವೊಂದು ನಾಲ್ಕು ಚಿನ್ನದ ಮೀನುಗಳ ಸಮೇತ ನಮಗೆ ಒಪ್ಪಿಸಿದ್ದ ತೊಟ್ಟಿ ಅದು. ನಮಗಿದ್ದುದು ಆಳದ ಕೊಳವೆ ಬಾವಿಯ ಗಡಸು ನೀರು. ಕಲ್ಲಿನ ಪದರಗಳ ನಡುವೆ ಹಾದುಬರುವ ಅಂಥ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಆವಿಯಾಗುತ್ತದೆ, ಸುಣ್ಣ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಮತ್ತೆ ಅದೇ ನೀರನ್ನು ತುಂಬುತ್ತೇವೆ. ಸುಣ್ಣದ ಮೇಲೆ ಸುಣ್ಣ ಕೂರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಪದರವೂ ಇದೇ. ಪಾಚಿಯ ಹಸಿರಾದರೆ ಸ್ಪಂಜಿಗೆ ಬಂದುಬಿಡುತ್ತದೆ. ಒಂದಿಷ್ಟನ್ನು ಬಸವನಹುಳುವೂ ಮೇಯುತ್ತದೆ. ಸುಣ್ಣದ ಕಲೆ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ.

ಕಿಟಕಿಗೆ ಗಾಜು ಕೂರಿಸಲು ಬಂದಿದ್ದ ಹಿರಿಯ ಮೇಸ್ತ್ರಿಯೊಬ್ಬರು ಆ ತೊಟ್ಟಿಯನ್ನು ನೋಡಿ ಹೇಳಿದ ಮಾತು ಇಂದಿಗೂ ನೆನಪಿದೆ: "ಸ್ವಾಮಿ, ಉಜ್ಜೋದು ಆಮೇಲೆ. ಮೊದಲು ಗಾಜು ಒಣಗಲಿ, ಉಗುರು ಆಡಿಸಿ ನೋಡಿ. ಉಗುರಿಗೆ ಒರಟು ಸಿಕ್ಕಿದರೆ ಅದು ಕಲೆ. ಗುಳಿ ಸಿಕ್ಕಿದರೆ ಗಾಜಿಗೇ ಗಾಯ ಆಗಿದೆ ಅಂತ." ಒಣಗಿದ ಮೇಲೆ ಎಂಬುದು ಮುಖ್ಯ. ಒದ್ದೆಯಾಗಿರುವಾಗ ಕಲೆಯೂ ಮಾಯ, ಗೀರೂ ಮಾಯ.

ಮೇಲಿನ ಕಲೆಗೆ ಮದ್ದು ಅಡುಗೆಮನೆಯಲ್ಲಿಯೇ ಇದೆ. ವಿನೆಗರ್ ಅಥವಾ ನಿಂಬೆರಸದ ಹುಳಿ ಸುಣ್ಣವನ್ನು ಕರಗಿಸುತ್ತದೆ. ಆಗ ಏಳುವ ಸಣ್ಣ ಗುಳ್ಳೆಗಳು ಅಂಗಾರಾಮ್ಲ ವಾಯುವಿನವು. ಮೊದಲು ಮೀನುಗಳನ್ನು ಅದೇ ತೊಟ್ಟಿಯ ನೀರು ತುಂಬಿದ ಬಕೆಟ್ಟಿಗೆ ಸ್ಥಳಾಂತರಿಸಬೇಕು, ಏಕೆಂದರೆ ಹುಳಿ ಬೆರೆತ ನೀರು ಅವುಗಳಿಗೆ ಅಪಾಯಕರ. ಫಿಲ್ಟರಿನ ಸ್ಪಂಜನ್ನೂ ಅದೇ ನೀರಿನಲ್ಲಿ ಇಡಬೇಕು. ಮೀನಿನ ಮಲಿನವನ್ನು ನಿರ್ವಿಷಗೊಳಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ನೆಲೆಸಿರುತ್ತವೆ. ತೊಟ್ಟಿಯನ್ನು ಬರಿದು ಮಾಡಿದ ಬಳಿಕ ವಿನೆಗರಿನಲ್ಲಿ ನೆನೆಸಿದ ಬಟ್ಟೆಯನ್ನು ಕಲೆಯ ಮೇಲೆ ಅರ್ಧ ಗಂಟೆ ಅಂಟಿಸಿಡಬೇಕು. ಮೆದುವಾದ ಪದರವನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು, ಸಾಬೂನು ಸೋಕಿಸದೆ ಶುದ್ಧ ನೀರಿನಲ್ಲಿ ಹಲವು ಸಲ ತೊಳೆಯಬೇಕು. ಮೊಂಡು ಕಲೆಗೆ ಇದನ್ನೇ ಎರಡು ಮೂರು ಸಲ ಮಾಡಬೇಕಾದೀತು. ಇಲ್ಲಿ ಕೆಲಸ ಮಾಡುವುದು ತೋಳಿನ ಬಲವಲ್ಲ, ಕಾಯುವ ತಾಳ್ಮೆ.

ಬಲ ಪ್ರಯೋಗಿಸಿದರೇನಾಗುತ್ತದೆ? ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಸುಣ್ಣದ ಹರಳು 3, ಗಾಜು ಸುಮಾರು 5.5, ಮರಳಿನ ಬೆಣಚು 7. ಎಂದರೆ, ಗಾಜಿಗೆ ಗಾಯ ಮಾಡುವುದು ಕಲೆಯಲ್ಲ. ಬಟ್ಟೆಗೆ ಸಿಕ್ಕಿಕೊಂಡ ಒಂದು ಮರಳಿನ ಕಣ. ಸ್ವಚ್ಛಗೊಳಿಸುವ ಕೈಯೇ ಕೆಲವೊಮ್ಮೆ ಶಾಶ್ವತವಾದ ಗೀರನ್ನು ಎಳೆದುಬಿಡುತ್ತದೆ.

ಹಾಗೆ ಬಿದ್ದ ಗೀರನ್ನು ಯಾವ ಹುಳಿಯೂ ತೆಗೆಯದು. ಆದರೆ ಅದಕ್ಕೂ ಒಂದು ಉಪಾಯವಿದೆ. ಬೆಳಕನ್ನು ಬಾಗಿಸುವ ಗುಣ ಗಾಳಿಗೆ 1 ಎಂದಿಟ್ಟರೆ ನೀರಿಗೆ 1.33, ಗಾಜಿಗೆ ಸುಮಾರು 1.52. ನೀರು ಗಾಜಿಗೆ ಹತ್ತಿರದ ನಂಟ. ಆದುದರಿಂದ ಒಳಬದಿಯ ಸಣ್ಣ ಗೀರುಗಳು ತೊಟ್ಟಿ ತುಂಬಿದೊಡನೆ ಬಹುಮಟ್ಟಿಗೆ ಮಸುಕಾಗುತ್ತವೆ. ಉಳಿದುದಕ್ಕೆ ಮುಂದೆ ಒಂದು ಗಿಡ ನೆಡಬಹುದು, ಇಲ್ಲವೇ ಆ ಬದಿಯನ್ನು ಗೋಡೆಯತ್ತ ತಿರುಗಿಸಬಹುದು. ಇದು ಮೋಸವೇ? ಅಲ್ಲವೆಂದು ನನ್ನ ಭಾವನೆ. ತೆಗೆಯಬಹುದಾದ ಕಲೆಗೆ ಪರದೆ ಹಾಕುವುದು ಬೇರೆ, ತೆಗೆಯಲಾಗದ ಗಾಯವನ್ನು ನೀರಿನಿಂದ ತುಂಬುವುದು ಬೇರೆ.

ಅದೇ ಊರಿನ ಒಬ್ಬರ ಕಥೆಯನ್ನು, ಅವರ ಒಪ್ಪಿಗೆಯಿಂದಲೇ, ಇಲ್ಲಿ ಹೇಳುತ್ತೇನೆ. ಕುಡಿತದಿಂದ ಮನೆಯನ್ನು ಹಾಳುಗೆಡವಿ, ಅನಂತರ ಅದನ್ನು ಬಿಟ್ಟು ಒಂಬತ್ತು ವರ್ಷಗಳಾಗಿದ್ದ ತಂದೆ ಅವರು. ಮಗಳಿಗೆ ಸಂಬಂಧ ಕೂಡಿಬಂದಿತ್ತು. ಗಂಡಿನವರಿಗೆ ತಿಳಿಸಬೇಕೇ ಎಂಬ ಅಳಲು ಅವರದು. ನಾದಿನಿಯ ಎರಡು ಬಳೆಗಳನ್ನು ಅಡವಿಟ್ಟು ಕುಡಿದ ಹಣ ಇನ್ನೂ ಹಿಂದಿರುಗಿರಲಿಲ್ಲ. ಮಗಳ ಓದು ಹತ್ತನೆಯ ತರಗತಿಗೇ ನಿಂತುಹೋಗಿತ್ತು. ಅವರು ಬಳೆಯ ಮಾತೆತ್ತುತ್ತಿರಲಿಲ್ಲ. ಮಗಳ ಓದನ್ನು ಮಾತ್ರ ಬಂಧುಗಳೆದುರು ದಿನವೂ ಹೇಳಿಕೊಂಡು ಎದೆ ಬಡಿದುಕೊಳ್ಳುತ್ತಿದ್ದರು.

ನಾವು ಮೂವರೂ ಕುಳಿತು ಮಾತನಾಡಿದೆವು. ಗಂಡಿನವರಿಗೆ ಎಲ್ಲವನ್ನೂ ಒಂದು ಸಲ ನೇರವಾಗಿ ಹೇಳುವುದೆಂದು ನಿಶ್ಚಯವಾಯಿತು. ಬಳೆಯ ಹಣವನ್ನು ಮದುವೆಯ ಖರ್ಚು ಇಳಿಸಿಯಾದರೂ ತೀರಿಸುವುದೆಂದಾಯಿತು. ಕೊನೆಗೆ ಮಗಳು ಹೇಳಿದಳು: "ಅಪ್ಪಾ, ನನ್ನ ಓದಿನ ಮಾತು ಇನ್ನು ಸಾಕು. ನೀವು ಅದನ್ನು ಹೇಳಿದಾಗಲೆಲ್ಲಾ ನೋಯುವುದು ನನಗೇ." ಬಳೆ ಗಾಜಿನ ಮೇಲಿನ ಕಲೆ, ಹಿಂದಿರುಗಿಸಿದರೆ ಹೋಗುವಂಥದು. ನಿಂತುಹೋದ ಓದು ಗಾಜಿನ ಗಾಯ. ತಂದೆ ಪಶ್ಚಾತ್ತಾಪದ ಹೆಸರಿನಲ್ಲಿ ಅದನ್ನೇ ಉಜ್ಜುತ್ತಿದ್ದರು. ಗಂಡಿನವರು ಎರಡು ದಿನ ಯೋಚಿಸಿ ಒಪ್ಪಿದರು. ಮದುವೆಯೂ ನಡೆಯಿತು.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿಯೂ ಎರಡೂ ಬಗೆಯ ಕಲೆಗಳಿವೆ. ತೀರಿಸದ ಸಾಲವನ್ನೂ ಕೇಳದ ಕ್ಷಮೆಯನ್ನೂ ಗಿಡ ನೆಟ್ಟು ಮರೆಸದಿರೋಣ. ಕಳೆದುಹೋದ ಕಾಲವನ್ನು ಕೆದಕಿ ಮತ್ತೊಂದು ಗೀರು ಎಳೆಯದಿರೋಣ.

ಕಲೆ ಗಟ್ಟಿಯಾಗದಂತೆ ತಡೆಯುವ ದಾರಿಯೂ ಸರಳವಾದುದೇ. ಆವಿಯಾದಷ್ಟು ನೀರನ್ನು ಶುದ್ಧವಾಗಿ ಹಿಡಿದಿಟ್ಟ ಮಳೆನೀರಿನಿಂದ ತುಂಬಿದರೆ ಹೊಸ ಸುಣ್ಣ ಸೇರುವುದಿಲ್ಲ. ನೀರಿನ ಅಂಚಿನ ಗಾಜನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಆ ವಾರದ ಕಲೆ ಆ ವಾರವೇ ಹೋಗುತ್ತದೆ, ವಿನೆಗರ್ ಕೂಡ ಬೇಕಾಗುವುದಿಲ್ಲ.