ಕತ್ತರಿ ಹಾಕಬೇಕೆಂದರೆ ಭೂಮಿ ನಮ್ಮದಾಗಿರಬೇಕು

"ಬ್ಲೂಬೆರಿ ಗಿಡ ನಮ್ಮ ಹಿತ್ತಲಲ್ಲಿ ಬರುತ್ತಾ?" ಸುದ್ದಿಗೆಂದು ಹೋದ ಊರುಗಳಲ್ಲಿ ಈಚೆಗೆ ಈ ಪ್ರಶ್ನೆ ಕೇಳುವವರು ಸಿಗುತ್ತಾರೆ. ಮೊಬೈಲಿನಲ್ಲಿ ವಿಡಿಯೊ ನೋಡಿರುತ್ತಾರೆ, ಆನ್‌ಲೈನ್‌ನಲ್ಲಿ ಸಸಿಯ ಬೆಲೆಯನ್ನೂ ನೋಡಿರುತ್ತಾರೆ.

ಕಷ್ಟ ಅನ್ನುತ್ತೇನೆ. ಬ್ಲೂಬೆರಿಗೆ ಹುಳಿ ಮಣ್ಣು ಬೇಕು, ಪಿಎಚ್ 4.5ರಿಂದ 5.5. ನಮ್ಮ ಕಡೆಯ ಬೋರ್‌ವೆಲ್ ನೀರು ಬಹುತೇಕ ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅಂಥ ನೀರು. ಅದನ್ನೇ ಹಾಕುತ್ತ ಹೋದರೆ ಮಣ್ಣಿನ ಹುಳಿ ಇಳಿಯುತ್ತದೆ, ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿಯಾಗುತ್ತದೆ. ಹೆಚ್ಚು ಚಳಿ ಬೇಡದ ತಳಿ ತಂದು, ಮಳೆನೀರು ಹಿಡಿದಿಟ್ಟು ಹಾಕುವ ತಾಳ್ಮೆ ಇದ್ದವರು ಕುಂಡದಲ್ಲಿ ಒಂದು ಗಿಡ ಇಟ್ಟು ನೋಡಬಹುದು.

ನೀಲಿ ಹಣ್ಣೇ ಬೇಕೆಂದರೆ ನಮ್ಮಲ್ಲೇ ಬೆಂಗಳೂರು ಬ್ಲೂ ದ್ರಾಕ್ಷಿ ಇದೆ. ಅದರ ಮೂಲವೂ ಅಮೆರಿಕದ ಕಾಡುದ್ರಾಕ್ಷಿಯೇ. ಆದರೆ ನಮ್ಮ ಕೆಂಪು ಮಣ್ಣಿಗೆ ಎಷ್ಟು ಒಗ್ಗಿತೆಂದರೆ ಬೆಂಗಳೂರಿನ ಹೆಸರೇ ಬಂತು, ಜಿಐ ಮಾನ್ಯತೆಯೂ ಸಿಕ್ಕಿತು. ಹಿತ್ತಲಲ್ಲಿ ಒಂದು ಬಳ್ಳಿ, ಮೇಲೊಂದು ಚಪ್ಪರ ಇದ್ದರೆ ಮನೆಗೆ ಸಾಕು.

ಎರಡಕ್ಕೂ ಕತ್ತರಿ ಬೇಕೇ ಬೇಕು. ಬ್ಲೂಬೆರಿಯಲ್ಲಿ ಮುದಿ ಕಾಂಡವನ್ನು ಬುಡಕ್ಕೇ ಕತ್ತರಿಸುತ್ತಾರೆ. ದ್ರಾಕ್ಷಿಯಲ್ಲಿ ಬಲಿತು ಕಂದು ಬಣ್ಣಕ್ಕೆ ತಿರುಗಿದ ಕಡ್ಡಿಯಲ್ಲಿ ಕೆಲವೇ ಕಣ್ಣು ಉಳಿಸಿ ಮಿಕ್ಕಿದ್ದನ್ನು ತೆಗೆಯುತ್ತಾರೆ. ಆ ಕಣ್ಣಿನಿಂದ ಬರುವ ಹೊಸ ಚಿಗುರಿನಲ್ಲೇ ಗೊಂಚಲು. ಒಣಗಿದ್ದು, ಸಣಕಲಾದದ್ದು, ರೋಗ ಬಂದದ್ದು ಮೊದಲು ಹೋಗಬೇಕು. ಗಾಳಿ ಬೆಳಕು ಆಡದಿದ್ದರೆ ಮಳೆಗಾಲದಲ್ಲಿ ಎಲೆಯ ಅಡಿಯಲ್ಲಿ ಬಿಳಿ ಬೂಜು ಹಿಡಿಯುತ್ತದೆ.

"ಕಟ್ ಮಾಡ್ದೆ ಬಿಟ್ರೆ ಬಳ್ಳಿ ಕಾಡಾಯ್ತದೆ ಕಣಪ್ಪ, ಎಲೆ ತುಂಬ್ಕೊಂತದೆ, ಹಣ್ಣಿರಲ್ಲ" ಎಂದು ದೇವನಹಳ್ಳಿ ಕಡೆಯ ಒಬ್ಬ ಅಜ್ಜಿ ನನಗೆ ಹೇಳಿದರು. ಅವರ ಬಳ್ಳಿಗೇ ಆ ಸಲ ಕತ್ತರಿ ಬಿದ್ದಿರಲಿಲ್ಲ. ಕಾರಣ ಕೇಳಿದೆ. "ಜಮೀನು ಇರ್ತದೋ ಇಲ್ವೋ, ಯಾರಿಗೋಸ್ಕರ ಮಾಡ್ಲಿ?" ಅಂದರು.

ಕತ್ತರಿ ಹಾಕಿದ ದಿನದಿಂದ ಕೊಯ್ಲಿಗೆ ಸುಮಾರು 5 ತಿಂಗಳು ಬೇಕು. ಅಷ್ಟು ದಿನ ಈ ಮಣ್ಣಿನಲ್ಲೇ ಇರುತ್ತೇವೆ ಎಂಬ ಧೈರ್ಯ ಇದ್ದವರು ಮಾತ್ರ ಬಳ್ಳಿಯನ್ನು ಬೋಳು ಮಾಡಬಲ್ಲರು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಸರ್ಕಾರ ಸ್ವಾಧೀನಕ್ಕೆ ಗುರುತಿಸಿದಾಗ ಅಲ್ಲಿನ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಆ ಸ್ವಾಧೀನ ಕೈಬಿಟ್ಟಿದ್ದಾಗಿ ಘೋಷಿಸಿದರು. ನಾವು ಪತ್ರಿಕೆಯವರು ಎಕರೆ ಲೆಕ್ಕ ಬರೆದೆವು, ಪರಿಹಾರದ ಲೆಕ್ಕ ಬರೆದೆವು. ಅನುಮಾನದಲ್ಲಿ ತಪ್ಪಿಹೋಗುವ ಬೆಳೆಗಳ ಲೆಕ್ಕ ಯಾವ ಕಡತದಲ್ಲೂ ಬರುವುದಿಲ್ಲ.

ಈಗ ಯಾವ ಊರಿಗೆ ಹೋದರೂ ಮೊದಲು ಚಪ್ಪರದ ಕಡೆ ನೋಡುತ್ತೇನೆ. ಕಡ್ಡಿ ಬೋಳಾಗಿ, ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಆ ಮನೆಯವರು ಇನ್ನೊಂದು ಬೆಳೆಗೆ ಅಲ್ಲೇ ಇರುತ್ತಾರೆ. ಎಲೆ ದಟ್ಟವಾಗಿ ಇಳಿಬಿದ್ದಿದ್ದರೆ ಜಗಲಿ ಮೇಲೆ ಕೂತು ಜಮೀನಿನ ವಿಷಯ ಕೇಳುತ್ತೇನೆ.